ಹವಳದ ದಿಬ್ಬಕ್ಕೆ ಗಿಳಿ ಮೀನು ಯಾಕೆ ಬೇಕು?

2024ರ ಜನವರಿಯಲ್ಲಿ ಎಲ್ಲರ ಬಾಯಲ್ಲೂ ಲಕ್ಷದ್ವೀಪ. ಪ್ರಧಾನಿ ಅಲ್ಲಿಗೆ ಹೋಗಿ ಬಂದ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಪರ್ಮಿಟ್ ಹೇಗೆ ಮಾಡಿಸೋದು, ಹಡಗು ಎಲ್ಲಿಂದ ಹೊರಡುತ್ತದೆ ಎಂದು ಕೇಳುವವರೇ ಎಲ್ಲ. ಮೇ ತಿಂಗಳ ಹೊತ್ತಿಗೆ ಅದೇ ದ್ವೀಪಗಳಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿದೆ ಎಂದು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಿಳಿಸಿದರು. ಅದಕ್ಕೂ ಒಂದು ತಿಂಗಳ ಮೊದಲೇ, ಜಗತ್ತಿನಾದ್ಯಂತ ಹವಳ ಬಿಳುಚಿಕೊಳ್ಳುತ್ತಿದೆ, ಇದು ನಾಲ್ಕನೇ ಸಲ ಎಂದು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ಘೋಷಿಸಿತ್ತು.

ಬಿಸಿಗೆ ಹವಳ ಬೆಳ್ಳಗಾಗುತ್ತದೆ ಎನ್ನುವುದನ್ನು ನಮ್ಮಲ್ಲಿ ಹೆಚ್ಚಿನವರು ಎಲ್ಲೋ ಓದಿರುತ್ತೇವೆ. ಅದು ಕಥೆಯ ಅರ್ಧ ಭಾಗ. ಆ ಬಿಳಿ ಹವಳ ಸತ್ತ ಮೇಲೆ ಅಲ್ಲಿ ಏನಾಗುತ್ತದೆ? ಹತ್ತು ವರ್ಷ ಬಿಟ್ಟು ಹೋದರೆ ಅದೇ ಜಾಗದಲ್ಲಿ ಮತ್ತೆ ಹವಳ ಇರುತ್ತದೆಯೋ, ಇಲ್ಲಾ ಬರೀ ಪಾಚಿಯೋ? ಇದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಲ್ಲಿ ಪಾಚಿ ಮೇಯುವ ಜೀವಿಗಳು ಎಷ್ಟು ಉಳಿದಿವೆ ಎನ್ನುವುದು. ನಾನು ಹೇಳಹೊರಟಿರುವುದು ಈ ಉಳಿದರ್ಧ ಕಥೆ.

ಹವಳ ಕಲ್ಲೋ, ಗಿಡವೋ?

ಎರಡೂ ಅಲ್ಲ, ಹವಳ ಪ್ರಾಣಿ. ಜೆಲ್ಲಿ ಮೀನಿನ ದೂರದ ನೆಂಟ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಅಜ್ಜಿಯ ಹವಳದ ಸರ, ಕುಜದೋಷಕ್ಕೆ ಹಾಕುವ ಉಂಗುರ, ಇವುಗಳಲ್ಲಿರುವ ಕೆಂಪು ಹವಳ ಬೇರೆ ಜಾತಿಯದು. ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಲ್ಲಿ ಬೆಳೆಯುತ್ತದೆ. ನಾವು ಈಗ ಮಾತಾಡುತ್ತಿರುವುದು ಬಿಸಿಲು ಬೀಳುವ, ತಿಳಿಯಾದ, ಬೆಚ್ಚಗಿನ ನೀರಿನಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ.

ಈ ಹವಳದ ಒಂದೊಂದು ಜೀವಿಗೆ ಪಾಲಿಪ್ ಎಂದು ಹೆಸರು. ಹೆಚ್ಚಿನವು ಕೆಲವೇ ಮಿಲಿಮೀಟರ್ ಗಾತ್ರದವು. ಮೆತ್ತಗಿನ ಒಂದು ಚೀಲ, ಮೇಲೆ ಬಾಯಿ, ಬಾಯಿಯ ಸುತ್ತ ಎಳೆಎಳೆಯಾದ ಬೆರಳುಗಳು. ಪಾಲಿಪ್ ತನ್ನ ಬುಡದಲ್ಲಿ ಸುಣ್ಣದಕಲ್ಲಿನದೇ ವಸ್ತುವಿನಿಂದ ಒಂದು ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲಿ ಮೊಳಕೆಯಂತೆ ಇನ್ನೊಂದು ಪಾಲಿಪ್ ಹುಟ್ಟುತ್ತದೆ, ಅದೂ ಬಟ್ಟಲು ಕಟ್ಟುತ್ತದೆ. ಹೀಗೆ ಸಾವಿರಾರು ಪಾಲಿಪ್‌ಗಳು ಸೇರಿದರೆ ನಾವು ಕಾಣುವ ಒಂದು ಹವಳ. ಸಾವಿರಾರು ವರ್ಷಗಳ ಹವಳ ಒಂದರ ಮೇಲೊಂದು ಕೂತರೆ ಹವಳದ ದಿಬ್ಬ.

ಬೆಳವಣಿಗೆ ನಿಧಾನ. ಗುಂಡುಗಲ್ಲಿನಂತಿರುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಜಾತಿಗಳು ಬೇಗ ಬೆಳೆಯುತ್ತವೆ, ವರ್ಷಕ್ಕೆ ಹತ್ತು ಸೆಂಟಿಮೀಟರ್ ತನಕ. ಬಿಸಿ ಬಂದಾಗ ಮೊದಲು ಸಾಯುವವೂ ಹೆಚ್ಚಾಗಿ ಇವೇ.

ಇಡೀ ಸಮುದ್ರದ ತಳದಲ್ಲಿ ಹವಳದ ದಿಬ್ಬಗಳು ಶೇಕಡಾ ಒಂದರಷ್ಟು ಜಾಗವನ್ನೂ ತುಂಬುವುದಿಲ್ಲ. ಆದರೂ ಸಮುದ್ರ ಜೀವಿಗಳ ಸುಮಾರು ಕಾಲು ಭಾಗದಷ್ಟು ಜಾತಿಗಳು ಬದುಕಿನ ಯಾವುದಾದರೂ ಹಂತದಲ್ಲಿ ಇವುಗಳನ್ನು ನೆಚ್ಚಿಕೊಂಡಿವೆ.

ಒಳಗಿನ ಪಾಚಿ ಗೆಳೆಯ, ಹೊರಗಿನ ಪಾಚಿ ಎದುರಾಳಿ

ಹವಳದ ಕಥೆ ಕೇಳುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಪಾಚಿ ಇಲ್ಲದೆ ಹವಳ ಬದುಕುವುದಿಲ್ಲ ಎಂದು ಒಂದು ಕಡೆ ಓದುತ್ತೇವೆ. ಪಾಚಿಯಿಂದ ಹವಳ ಸಾಯುತ್ತದೆ ಎಂದು ಇನ್ನೊಂದು ಕಡೆ. ಎರಡೂ ನಿಜ. ಅವು ಬೇರೆ ಬೇರೆ ಪಾಚಿಗಳು, ಅಷ್ಟೆ.

ಪಾಲಿಪ್‌ನ ಮೈಯೊಳಗೆ, ಅದರ ಜೀವಕೋಶಗಳ ಒಳಗೇ, ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಇರುತ್ತದೆ. ಉಗುರಿನಗಲದ ಹವಳದಲ್ಲಿ ಇಂಥವು ಹತ್ತು ಲಕ್ಷಕ್ಕೂ ಹೆಚ್ಚು. ಬಿಸಿಲಿನಿಂದ ಇವು ಸಕ್ಕರೆ ಮಾಡುತ್ತವೆ, ಅದರಲ್ಲಿ ಹೆಚ್ಚಿನ ಪಾಲನ್ನು ಹವಳಕ್ಕೇ ಕೊಡುತ್ತವೆ. ಮನೆಯ ಮಹಡಿ ಬಾಡಿಗೆಗೆ ಕೊಟ್ಟಿದ್ದೀರಿ, ಬಾಡಿಗೆಗೆ ಬದಲಾಗಿ ಅವರು ದಿನಾ ನಿಮಗೆ ಊಟ ಮಾಡಿ ಕೊಡುತ್ತಾರೆ ಎಂದುಕೊಳ್ಳಿ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರ ತನಕ ಹೀಗೆ ಬರುತ್ತದೆ. ಹವಳದ ಬಣ್ಣದಲ್ಲೂ ಹೆಚ್ಚಿನ ಪಾಲು ಈ ಪಾಚಿಯದೇ.

ಮಾಮೂಲಿ ಬೇಸಿಗೆಗಿಂತ ನೀರು ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ, ಹಾಗೇ ಕೆಲವು ವಾರ ನಿಂತರೆ ಈ ವ್ಯವಸ್ಥೆ ಕೆಡುತ್ತದೆ. ಊಟ ಕೊಡುತ್ತಿದ್ದ ಪಾಚಿಯೇ ವಿಷದಂಥ ವಸ್ತುಗಳನ್ನು ಬಿಡತೊಡಗುತ್ತದೆ. ಹವಳ ಅದನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ, ಗಾಜಿನಂಥ ಚರ್ಮದ ಮೂಲಕ ಬಿಳಿ ಸುಣ್ಣದ ಗೂಡು ಕಾಣುತ್ತದೆ. ಬಿಳುಚಿಕೊಳ್ಳುವುದು ಎಂದರೆ ಇದೇ. ಆಗಲೂ ಹವಳಕ್ಕೆ ಜೀವ ಇರುತ್ತದೆ, ಆದರೆ ಉಪವಾಸ. ನೀರು ಬೇಗ ತಂಪಾದರೆ ಪಾಚಿ ಮರಳಿ ಬರುತ್ತದೆ, ಹವಳ ಉಳಿಯುತ್ತದೆ. ತಡವಾದರೆ ಸಾಯುತ್ತದೆ.

ಇನ್ನು ಹೊರಗಿನ ಪಾಚಿ. ಇದರಲ್ಲೂ ಬಗೆಗಳಿವೆ.

ಒಂದು, ಬಂಡೆಗೆ ಗುಲಾಬಿ ಬಣ್ಣ ಬಳಿದಂತೆ ಕಾಣುವ ಗಟ್ಟಿ ಪಾಚಿ. ಮುಟ್ಟಿದರೆ ಕಲ್ಲಿನಂತೆಯೇ ಇರುತ್ತದೆ. ಇದು ಹವಳಕ್ಕೆ ಬೇಕಾದದ್ದು. ಒಡೆದ ಚೂರುಗಳನ್ನು ಗಾರೆಯಂತೆ ಬೆಸೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರಿನಲ್ಲಿ ತೇಲಿ ಬರುವ ಹವಳದ ಮರಿಗಳಲ್ಲಿ ಹಲವು ಇಂಥ ಗುಲಾಬಿ ಪಾಚಿಯ ವಾಸನೆ ಹಿಡಿದೇ ಎಲ್ಲಿ ಕೂರಬೇಕು ಎಂದು ಆರಿಸಿಕೊಳ್ಳುತ್ತವೆ.

ಎರಡನೆಯದು, ಗರಿಕೆಯಂತೆ ಕುಳ್ಳಗೆ, ಒತ್ತಾಗಿ ಬೆಳೆಯುವ ಪಾಚಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳ ಅಂಗಳ ನೋಡಿದ್ದೀರಲ್ಲ? ಜೂನ್‌ನಲ್ಲಿ ಮಳೆ ಹಿಡಿದರೆ ಜುಲೈ ಹೊತ್ತಿಗೆ ಮೆಟ್ಟಿಲು, ಬಾವಿಕಟ್ಟೆ, ತುಳಸಿಕಟ್ಟೆ ಎಲ್ಲ ಹಸಿರು. ಜಾರಿ ಬೀಳಬಾರದೆಂದು ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಾರೆ. ಯಾರೂ ಬಿತ್ತಿದ್ದಲ್ಲ, ನೀರು ಹಾಕಿದ್ದಲ್ಲ. ಖಾಲಿ ಕಲ್ಲು, ನೀರು, ಬೆಳಕು ಸಿಕ್ಕಿದರೆ ಪಾಚಿ ಬಂದೇ ಬರುತ್ತದೆ. ಸಮುದ್ರದ ಅಡಿಯಲ್ಲೂ ಇದೇ ನಿಯಮ.

ಮೂರನೆಯದು, ಎಲೆ, ಕಡ್ಡಿ ಇರುವ ದೊಡ್ಡ ಪಾಚಿ. ನಾವು ಕಡಲಕಳೆ ಎನ್ನುವುದು ಇದನ್ನೇ. ಕುಳ್ಳ ಪಾಚಿಯನ್ನು ಯಾರೂ ಮೇಯದೆ ಬಿಟ್ಟರೆ ಆ ಜಾಗಕ್ಕೆ ಮುಂದೆ ಬರುವುದು ಇದು.

ಖಾಲಿ ಜಾಗಕ್ಕೆ ಪೈಪೋಟಿ

ಹವಳ ಸತ್ತಾಗ ಬಂಡೆಯ ಮೇಲೆ ಒಂದು ಸೈಟ್ ಖಾಲಿಯಾದಂತೆ. ಸತ್ತ ಕೆಲವೇ ದಿನಕ್ಕೆ ಅದರ ಮೇಲೆ ಪಾಚಿಯ ತೆಳು ಪೊರೆ ಹರಡುತ್ತದೆ. ಕೆಲವು ವಾರಕ್ಕೆ ಗರಿಕೆಯಂಥ ಪಾಚಿ. ಹವಳದ ಮರಿ ಬರಬೇಕಾದರೆ ಬೇರೆ ಹವಳಗಳು ಮೊಟ್ಟೆ ಬಿಡುವ ಕಾಲ ಬರಬೇಕು, ಆ ಮರಿ ತೇಲಿ ಇಲ್ಲಿಗೆ ತಲುಪಬೇಕು, ಕೂರಲು ಶುದ್ಧವಾದ ಗಟ್ಟಿ ನೆಲ ಸಿಗಬೇಕು. ಕೂತ ಮರಿಯ ಗಾತ್ರ ಎಳ್ಳುಕಾಳಿಗಿಂತ ಸಣ್ಣದು. ಅದು ಹೆಬ್ಬೆರಳಿನಷ್ಟಾಗಲು ಹೆಚ್ಚಾಗಿ ಕೆಲವು ವರ್ಷಗಳೇ ಬೇಕು. ವೇಗದ ಓಟದಲ್ಲಿ ಹವಳ ಪಾಚಿಯನ್ನು ಎಂದೂ ಗೆಲ್ಲಲಾರದು.

ಪಾಚಿ ಸುಮ್ನೆ ಜಾಗ ಹಿಡಿದು ಕೂರುವುದೂ ಇಲ್ಲ. ಬೆಳಕನ್ನು ತಡೆಯುತ್ತದೆ. ಅಲೆ ಬಂದಾಗ ಪಕ್ಕದ ಹವಳದ ಮೈಯನ್ನು ಪೊರಕೆಯಂತೆ ಉಜ್ಜುತ್ತದೆ. ತನ್ನ ಎಳೆಗಳಲ್ಲಿ ಮಣ್ಣು ಹಿಡಿದಿಟ್ಟುಕೊಂಡು ಹವಳದ ಮರಿಯ ಉಸಿರು ಕಟ್ಟಿಸುತ್ತದೆ. ಕೆಲವು ಪಾಚಿಗಳ ಮೈಯಲ್ಲಿ ಹವಳಕ್ಕೆ ಆಗದ ರಾಸಾಯನಿಕ ಇರುತ್ತದೆ, ತಾಗಿದಲ್ಲೆಲ್ಲ ಹವಳ ಬಿಳುಚುತ್ತದೆ. ಇನ್ನೊಂದು ದಾರಿ ಸ್ವಲ್ಪ ಸುತ್ತುಬಳಸಿನದು: ಪಾಚಿ ನೀರಿಗೆ ಬಿಡುವ ಸಕ್ಕರೆಯನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವು ಹವಳದ ಅಂಚಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ.

ಹಾಗಾದರೆ ಲಕ್ಷಾಂತರ ವರ್ಷಗಳಿಂದ ಹವಳ ಹೇಗೆ ಉಳಿದು ಬಂತು? ಪಾಚಿ ಬೆಳೆಯುವಷ್ಟೇ ವೇಗವಾಗಿ ಅದನ್ನು ಯಾರೋ ತಿನ್ನುತ್ತಾ ಬಂದಿದ್ದಾರೆ.

ಮೇಯುವವರು ಯಾರು?

ಎಲ್ಲರಿಗಿಂತ ಮೊದಲು ಹೇಳಬೇಕಾದದ್ದು ಗಿಳಿ ಮೀನು. ಹಸಿರು, ನೀಲಿ, ಗುಲಾಬಿ ಬಣ್ಣ. ಬಾಯಿ ಥೇಟ್ ಗಿಳಿಯ ಕೊಕ್ಕು. ಆ ಕೊಕ್ಕು ಸುಮಾರು ಸಾವಿರ ಸಣ್ಣ ಹಲ್ಲುಗಳು ಸಾಲುಸಾಲಾಗಿ ಬೆಸೆದು ಆದದ್ದು. ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನದು ಮುಂದೆ ಬರುತ್ತದೆ.

ನೀರಿನಡಿ ತಲೆ ಮುಳುಗಿಸಿದರೆ ಗಿಳಿ ಮೀನು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕರಕ್, ಕರಕ್ ಎಂದು ಯಾರೋ ಕಲ್ಲುಸಕ್ಕರೆ ಕಡಿದಂತೆ ಸದ್ದು. ಮೀನು ಬಂಡೆಯ ಹತ್ತಿರ ಬಂದು ಒಮ್ಮೆ ಕಚ್ಚುತ್ತದೆ, ಸ್ವಲ್ಪ ಮುಂದೆ ಹೋಗಿ ಮತ್ತೆ ಕಚ್ಚುತ್ತದೆ. ಕಚ್ಚಿದ ಕಡೆ ಜೋಡಿ ಗೀರು ಬೀಳುತ್ತದೆ, ಉಳಿಯಿಂದ ಕೆತ್ತಿದಂತೆ. ಪಾಚಿಯ ಜತೆ ಸತ್ತ ಹವಳದ ಸುಣ್ಣವೂ ಬಾಯಿಗೆ ಹೋಗುತ್ತದೆ. ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇದೆ, ಬೀಸುವ ಕಲ್ಲಿನಂಥದು. ಅಲ್ಲಿ ಎಲ್ಲವೂ ಪುಡಿಯಾಗುತ್ತದೆ. ಬೇಕಾದ್ದು ಹೊಟ್ಟೆಗೆ. ಉಳಿದ ಸುಣ್ಣದ ಪುಡಿ ಹಿಂದಿನಿಂದ ಬಿಳಿ ಮೋಡದಂತೆ ನೀರಿಗೆ ಬೀಳುತ್ತದೆ.

ಆ ಬಿಳಿ ಮೋಡವೇ ಮರಳು. ಮಾಲ್ಡೀವ್ಸ್‌ನ ವಕ್ಕರು ದ್ವೀಪದ ಸುತ್ತ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇಕಡಾ 85ಕ್ಕೂ ಹೆಚ್ಚು ಗಿಳಿ ಮೀನಿನಿಂದಲೇ ಬರುತ್ತದೆ ಎಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಲಕ್ಷದ್ವೀಪವೂ ಮಾಲ್ಡೀವ್ಸೂ ಸಮುದ್ರದಡಿಯ ಒಂದೇ ಬೆಟ್ಟಸಾಲಿನ ಮೇಲೆ ನಿಂತ ನೆರೆಹೊರೆ. ಇಂಥ ದ್ವೀಪಗಳಲ್ಲಿ ಗಿಳಿ ಮೀನು ಹವಳಕ್ಕೆ ಜಾಗ ಬಿಡಿಸಿಕೊಡುವುದರ ಜತೆಗೆ ಜನ ಮನೆ ಕಟ್ಟಿಕೊಂಡಿರುವ ನೆಲವನ್ನೂ ಒದಗಿಸುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಆ ಪುಟವನ್ನು ಎರಡು ಸಲ ಓದಿದೆ.

ಎರಡನೆಯ ಗುಂಪು ಸರ್ಜನ್ ಮೀನು. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುವುದರಿಂದ ಈ ಹೆಸರು. ಇವು ಗುಂಪು ಕಟ್ಟಿಕೊಂಡು ಬಂದು, ದನ ಹುಲ್ಲು ಮೇಯ್ದಂತೆ, ಪಾಚಿಯ ತುದಿಯನ್ನು ಕತ್ತರಿಸುತ್ತಾ ಹೋಗುತ್ತವೆ. ಬುಡ ಕೀಳುವುದಿಲ್ಲ. ಬುಡ ಸಮೇತ ಕೆರೆಯುವುದು ಗಿಳಿ ಮೀನಿನ ಕೆಲಸ. ಇನ್ನು ಉದ್ದ ಎಲೆಯ ಕಡಲಕಳೆ ತಿನ್ನುವವು ಬೇರೆಯೇ ಇವೆ. ಮೂತಿಯ ಮೇಲೆ ಕೊಂಬಿರುವ ಯುನಿಕಾರ್ನ್ ಮೀನು, ಮೊಲದ ಮೂತಿಯ ರ‍್ಯಾಬಿಟ್ ಮೀನು ಇಂಥವು. ಗದ್ದೆಯಲ್ಲಿ ಉಳುವವರು, ಕಳೆ ಕೀಳುವವರು, ಕೊಯ್ಯುವವರು ಬೇರೆ ಬೇರೆ ಇದ್ದಂತೆ ಇಲ್ಲೂ ಕೆಲಸ ಹಂಚಿಹೋಗಿದೆ. ಒಬ್ಬರ ಕೆಲಸ ಇನ್ನೊಬ್ಬರಿಂದ ಪೂರ್ತಿ ಆಗುವುದಿಲ್ಲ.

ಮೂರನೆಯದು ಸೀ ಅರ್ಚಿನ್. ಉಂಡೆಯ ಸುತ್ತ ದಬ್ಬಣಗಳನ್ನು ಚುಚ್ಚಿಟ್ಟಂತಿರುವ ಜೀವಿ. ಹಗಲು ಸಂದಿಯಲ್ಲಿ ಕೂತು, ರಾತ್ರಿ ಹೊರಬಂದು ಬಂಡೆಯನ್ನು ಕೆರೆದು ಪಾಚಿ ತಿನ್ನುತ್ತದೆ. ಇದು ಹೆಚ್ಚಾದರೂ ಕಷ್ಟ. ಕೀನ್ಯಾದ ಕರಾವಳಿಯಲ್ಲಿ ಅರ್ಚಿನ್ ತಿನ್ನುವ ಮೀನುಗಳನ್ನು ಜನ ಹಿಡಿದು ಮುಗಿಸಿದ ಮೇಲೆ ಅರ್ಚಿನ್ ವಿಪರೀತ ಹೆಚ್ಚಿ, ಹವಳದ ದಿಬ್ಬವನ್ನೇ ಸವೆಸಿಬಿಟ್ಟವು.

ಜಮೈಕಾದಲ್ಲಿ ಆದದ್ದು

ಮೇಯುವವರು ಇಲ್ಲವಾದರೆ ಏನಾಗುತ್ತದೆ ಎಂದು ಜಗತ್ತು ಕಲಿತದ್ದು ಕೆರಿಬಿಯನ್ ಸಮುದ್ರದಲ್ಲಿ, ಮುಖ್ಯವಾಗಿ ಜಮೈಕಾದಲ್ಲಿ. ನಮ್ಮ ಕ್ರಿಕೆಟ್ ಮಂದಿಗೆ ಹೆಸರು ಗೊತ್ತಿರುವ ಅದೇ ಜಮೈಕಾ.

ಅಲ್ಲಿನ ಉತ್ತರ ಕರಾವಳಿಯಲ್ಲಿ ಡಿಸ್ಕವರಿ ಬೇ ಎಂಬ ಕಡೆ ಸಮುದ್ರ ಸಂಶೋಧನಾ ಕೇಂದ್ರವಿದೆ. ಹಾಗಾಗಿ ಅಲ್ಲಿ ವರ್ಷವರ್ಷ ಏನಾಯಿತು ಎನ್ನುವ ದಾಖಲೆ ಇದೆ. ದಡದ ಹತ್ತಿರ ತಂತಿ ಬಲೆಯ ಬೋನು ಇಟ್ಟು ಮೀನು ಹಿಡಿಯುವುದು ಜಮೈಕಾದ ವಾಡಿಕೆ. ದ್ವೀಪದಲ್ಲಿ ಜನ ಹೆಚ್ಚಿದಂತೆ ಬೋನುಗಳೂ ಹೆಚ್ಚಿದವು. ದೊಡ್ಡ ಮೀನು ಮುಗಿದ ಮೇಲೆ ಸಣ್ಣವು, ಮಾಂಸ ತಿನ್ನುವ ಮೀನು ಮುಗಿದ ಮೇಲೆ ಪಾಚಿ ತಿನ್ನುವವು. 1960ರ ದಶಕ ಮುಗಿಯುವ ಹೊತ್ತಿಗೆ ಆ ಕರಾವಳಿಯ ಮೀನಿನ ಸಂಪತ್ತು ಶೇಕಡಾ 80ರ ತನಕ ಕರಗಿತ್ತು ಎಂಬ ಅಂದಾಜಿದೆ.

ಆದರೆ ಹವಳಕ್ಕೆ ಏನೂ ಆದಂತೆ ಕಾಣಲಿಲ್ಲ. 1977ರಲ್ಲಿ ಸಮುದ್ರತಳದ ಶೇಕಡಾ 52ರಷ್ಟು ಜಾಗದಲ್ಲಿ ಜೀವಂತ ಹವಳ ಇತ್ತು. ದೊಡ್ಡ ಪಾಚಿ ಬರೀ ಶೇಕಡಾ 4. ಮೀನು ಇಲ್ಲದಿದ್ದರೂ ಪಾಚಿಯನ್ನು ಯಾರು ತಿನ್ನುತ್ತಿದ್ದರು? ಡಯಾಡೆಮಾ ಎಂಬ ಕರಿ ಅರ್ಚಿನ್. ತನ್ನನ್ನು ತಿನ್ನುವ ಮೀನೂ ಇಲ್ಲ, ಆಹಾರಕ್ಕೆ ಪೈಪೋಟಿ ಕೊಡುವ ಮೀನೂ ಇಲ್ಲ. ಅದು ಚೆನ್ನಾಗಿ ಹೆಚ್ಚಿತ್ತು. ಒಂದು ಚದರ ಮೀಟರಿಗೆ ಹತ್ತರ ತನಕ ಅರ್ಚಿನ್‌ಗಳು.

1980ರ ಆಗಸ್ಟ್‌ನಲ್ಲಿ ಅಲೆನ್ ಎಂಬ ಚಂಡಮಾರುತ ಬಂತು. ಕವಲು ಹವಳಗಳೆಲ್ಲ ಪುಡಿಯಾದವು. ಆದರೂ ಮುಂದಿನ ಎರಡು ಮೂರು ವರ್ಷದಲ್ಲಿ ಹೊಸ ಹವಳದ ಮರಿಗಳು ಕೂರತೊಡಗಿದವು. ಅರ್ಚಿನ್‌ಗಳು ಬಂಡೆಯನ್ನು ಶುದ್ಧವಾಗಿ ಇಟ್ಟಿದ್ದವು. ಚಂಡಮಾರುತ ಹವಳಕ್ಕೆ ಹೊಸದಲ್ಲ, ಏಟು ತಿಂದು ಏಳುವುದು ಅದಕ್ಕೆ ಅಭ್ಯಾಸ.

1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಕೆರಿಬಿಯನ್ ಕಡೆಯ ಬಾಯಿಯ ಹತ್ತಿರ ಅರ್ಚಿನ್‌ಗಳು ಸಾಯತೊಡಗಿದವು. ಮುಳ್ಳು ಉದುರಿ, ಕೆಲವೇ ದಿನಗಳಲ್ಲಿ ಸಾವು. ರೋಗ ಸಮುದ್ರದ ಪ್ರವಾಹದ ಜತೆ ಹರಡಿತು. ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್ ಸುತ್ತಿತು. ಹೆಚ್ಚಿನ ಕಡೆ ನೂರಕ್ಕೆ 93ರಿಂದ 99 ಅರ್ಚಿನ್‌ಗಳು ಸತ್ತವು. ಜಮೈಕಾವನ್ನು ಅದು ತಲುಪಿದ್ದು ಅದೇ ವರ್ಷದ ಮಧ್ಯದಲ್ಲಿ.

ಈಗ ಪಾಚಿ ತಿನ್ನಲು ಮೀನೂ ಇಲ್ಲ, ಅರ್ಚಿನ್ನೂ ಇಲ್ಲ. ಚಂಡಮಾರುತದ ನಂತರ ಕೂತಿದ್ದ ಮರಿ ಹವಳಗಳ ಮೇಲೆ ಪಾಚಿ ಹಬ್ಬಿತು. ಅದಕ್ಕೂ ಮುಂಚಿನಿಂದ ಇದ್ದ ಹಳೆಯ ದೊಡ್ಡ ಹವಳಗಳನ್ನೂ ಅಂಚಿನಿಂದ ಮುಚ್ಚುತ್ತಾ ಬಂತು. 1990ರ ದಶಕದ ಮೊದಲ ವರ್ಷಗಳಲ್ಲಿ ಅಳೆದಾಗ ಹವಳ ಶೇಕಡಾ 52ರಿಂದ 3ಕ್ಕೆ ಇಳಿದಿತ್ತು. ಪಾಚಿ ಶೇಕಡಾ 4ರಿಂದ 92ಕ್ಕೆ ಏರಿತ್ತು. ಟೆರಿ ಹ್ಯೂಸ್ ಎಂಬ ವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಈ ಅಂಕಿಗಳನ್ನು ಹವಳದ ಬಗ್ಗೆ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದಿಗೂ ಓದುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮೀನು ಹೋಗಿದ್ದು 1960ರ ದಶಕಕ್ಕೇ. ಪರಿಣಾಮ ಕಂಡಿದ್ದು 1983ರ ನಂತರ. ನಡುವಿನ ವರ್ಷಗಳಲ್ಲಿ ಎಲ್ಲ ಸರಿ ಇದೆ ಎಂದೇ ಕಾಣುತ್ತಿತ್ತು. ನಾಲ್ಕು ಕಂಬದ ಮನೆಯಲ್ಲಿ ಮೂರು ಕಂಬಕ್ಕೆ ಗೆದ್ದಲು ಹಿಡಿದಿತ್ತು, ಒಂದೇ ಕಂಬ ಮಾಡನ್ನು ಹೊತ್ತಿತ್ತು.

ಅರ್ಚಿನ್ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2022ರ ಜನವರಿಯಲ್ಲಿ ಕೆರಿಬಿಯನ್‌ನ ಸೇಂಟ್ ಥಾಮಸ್ ದ್ವೀಪದಲ್ಲಿ ಮತ್ತೆ ಸಾವು ಶುರುವಾಯಿತು. ಈ ಸಲ ಕಾರಣ ಸಿಕ್ಕಿತು. ಒಂದೇ ಜೀವಕೋಶದ, ಮೈತುಂಬ ಸಣ್ಣ ರೋಮಗಳಿರುವ ಪರಾವಲಂಬಿ ಜೀವಿ ಎಂದು 2023ರಲ್ಲಿ ವಿಜ್ಞಾನಿಗಳು ಗುರುತಿಸಿದರು.

ಮೀನು ವಾಪಸ್ ಬಂದರೆ ಹವಳವೂ ಬರುತ್ತದಾ?

ಅಷ್ಟು ಸುಲಭವಲ್ಲ. ಗೋಮಾಳವನ್ನು ನೆನಪಿಸಿಕೊಳ್ಳಿ. ದನ ದಿನಾ ಮೇಯುತ್ತಿದ್ದರೆ ಹುಲ್ಲು ಕುಳ್ಳಗೆ ಉಳಿಯುತ್ತದೆ. ನಾಲ್ಕು ವರ್ಷ ದನ ಬಿಡದಿದ್ದರೆ ಅಲ್ಲಿ ಲಂಟಾನ ಎದ್ದಿರುತ್ತದೆ. ಆಮೇಲೆ ಅದೇ ದನಗಳನ್ನು ತಂದು ಬಿಟ್ಟರೆ? ಅವು ಲಂಟಾನ ಮುಟ್ಟುವುದಿಲ್ಲ. ಹುಲ್ಲನ್ನು ಹುಲ್ಲಾಗಿಯೇ ಉಳಿಸಲು ಹತ್ತು ದನ ಸಾಕಿತ್ತು. ಪೊದೆಯನ್ನು ತೆಗೆಯಲು ನೂರು ದನವೂ ಸಾಲದು.

ದಿಬ್ಬದ ಮೇಲೂ ಹೀಗೆಯೇ. ಎಳೆಯ ಪಾಚಿ ಮೇಯುವ ಮೀನುಗಳು ಬಲಿತ ಕಡಲಕಳೆಯನ್ನು ತಿನ್ನಲಾರವು. ಕಳೆ ಹೆಚ್ಚಿದಂತೆ ಹವಳ ಕಡಿಮೆ, ಹವಳ ಕಡಿಮೆಯಾದಂತೆ ಮೀನಿಗೆ ಅಡಗಲು ಸಂದಿ ಕಡಿಮೆ, ಮೀನು ಕಡಿಮೆಯಾದಂತೆ ಕಳೆ ಇನ್ನೂ ಜಾಸ್ತಿ. ಹೀಗೆ ಸುತ್ತು ಬಿಗಿಯಾಗುತ್ತದೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ, ಆರ್ಫಿಯಸ್ ದ್ವೀಪದ ಹತ್ತಿರ, ವಿಜ್ಞಾನಿಗಳು ಇದನ್ನು ಬೇಕೆಂದೇ ಮಾಡಿ ನೋಡಿದರು. ಸಮುದ್ರತಳದಲ್ಲಿ ಬೋನು ಕಟ್ಟಿ ದೊಡ್ಡ ಮೀನುಗಳನ್ನು ಮೂರು ವರ್ಷ ಹೊರಗಿಟ್ಟರು. ಒಳಗೆ ಆಳೆತ್ತರದ ಕಡಲಕಳೆ ಬೆಳೆಯಿತು. ಆಮೇಲೆ ಬೋನು ತೆಗೆದು, ಕ್ಯಾಮೆರಾ ಇಟ್ಟು ಕಾದರು. ಆ ಜಾಗದಲ್ಲಿ ಪಾಚಿ ತಿನ್ನುವ ಮೀನುಗಳು 40ಕ್ಕೂ ಹೆಚ್ಚು ಬಗೆಯವು ಇದ್ದವು. ಗಿಳಿ ಮೀನು, ಸರ್ಜನ್ ಮೀನು ಬಂದು ಸುತ್ತಾಡಿ ಹೋದವು. ಕಳೆಗೆ ಹೆಚ್ಚೇನೂ ಆಗಲಿಲ್ಲ.

ಅದನ್ನು ತಿಂದು ತೆರವು ಮಾಡಿದ್ದು ಬ್ಯಾಟ್‌ಫಿಶ್ ಎಂಬ ಮೀನು. ತಟ್ಟೆಯಂತೆ ಚಪ್ಪಟೆ, ಉದ್ದ ರೆಕ್ಕೆ, ಆ ಕಡೆ ಅಪರೂಪ. ಅದು ಪಾಚಿ ತಿನ್ನುವ ಮೀನು ಎಂದು ಯಾರೂ ಎಣಿಸಿರಲೇ ಇಲ್ಲ. ಹುಳು ಹುಪ್ಪಟೆ ತಿನ್ನುವ ಪಟ್ಟಿಯಲ್ಲಿ ಅದರ ಹೆಸರಿತ್ತು. 2006ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಡೇವಿಡ್ ಬೆಲ್‌ವುಡ್ ಮತ್ತು ಜತೆಗಾರರು ಇದನ್ನು ‘ಮಲಗಿದ್ದ’ ಗುಂಪು ಎಂದು ಕರೆದರು. ಮಾಮೂಲಿ ದಿನಗಳಲ್ಲಿ ಅದರ ಕೆಲಸ ಕಾಣುವುದಿಲ್ಲ, ಬಿಕ್ಕಟ್ಟು ಬಂದಾಗಲೇ ಕಾಣುತ್ತದೆ. ಯಾವ ಮೀನು ಉಪಯೋಗಕ್ಕಿಲ್ಲ ಎಂದು ಕೈಬಿಡಬಹುದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಲಕ್ಷದ್ವೀಪ: ಟ್ಯೂನಾ ಹಿಡಿದು ಹವಳ ಉಳಿಸಿದವರು

ಈಗ ನಮ್ಮ ಪಕ್ಕದ ಸಮುದ್ರಕ್ಕೆ ಬರೋಣ. ಲಕ್ಷದ್ವೀಪ ಕನ್ನಡಿಗರಿಗೆ ಅಂದುಕೊಂಡಷ್ಟು ದೂರದ್ದಲ್ಲ. 1956ರ ತನಕ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಇಂದು ಅಲ್ಲಿನ ಹವಳವನ್ನು ದಶಕಗಳಿಂದ ಅಳೆಯುತ್ತಾ ಬಂದಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಇರುವುದು ಮೈಸೂರಿನಲ್ಲಿ.

1998 ಎಲ್ ನಿನೊ ವರ್ಷ, ಅಂದರೆ ಶಾಂತಸಾಗರದ ನೀರು ಬಿಸಿಯಾಗಿ ಜಗತ್ತಿನ ಹವಾಮಾನವೇ ಏರುಪೇರಾಗುವ ವರ್ಷ. ಆಗ ಲಕ್ಷದ್ವೀಪದ ಹವಳ ಭೀಕರವಾಗಿ ಸತ್ತಿತು. ಜಮೈಕಾದ ಲೆಕ್ಕದಲ್ಲಿ ನೋಡಿದರೆ ಮುಂದಿನ ಕೆಲವು ವರ್ಷಗಳಲ್ಲಿ ಅಲ್ಲೆಲ್ಲ ಕಡಲಕಳೆ ತುಂಬಬೇಕಿತ್ತು. ತುಂಬಲಿಲ್ಲ. ಅದೇ ಫೌಂಡೇಷನ್‌ನ ವಿಜ್ಞಾನಿ ರೋಹನ್ ಆರ್ಥರ್ ಮತ್ತು ಜತೆಗಾರರು ಮತ್ತೆ ಮತ್ತೆ ಮುಳುಗಿ ನೋಡಿದಾಗ ಸತ್ತ ಹವಳದ ಮೇಲೆ ದೊಡ್ಡ ಪಾಚಿ ಕಡಿಮೆಯೇ ಇತ್ತು. ಮಳೆಗಾಲದ ಅಲೆಗೆ ಎದುರಾಗಿರುವ ಪಶ್ಚಿಮದ ಕಡೆಯಲ್ಲಿ ಹವಳ ಚುರುಕಾಗಿ ಮರಳಿತು, ಪೂರ್ವದ ಕಡೆ ನಿಧಾನ. ಗಿಳಿ ಮೀನು, ಸರ್ಜನ್ ಮೀನು ಎರಡೂ ಕಡೆ ಧಾರಾಳವಾಗಿದ್ದವು.

ಯಾಕೆ ಇದ್ದವು? ಇದರ ಹಿಂದೆ ಊಟದ ಸಂಗತಿ ಇದೆ. ಲಕ್ಷದ್ವೀಪದವರ ಮೀನು ಎಂದರೆ ಟ್ಯೂನಾ. 1960ರ ದಶಕದಿಂದ ಸರ್ಕಾರ ಯಾಂತ್ರಿಕ ದೋಣಿ ಕೊಟ್ಟು ಟ್ಯೂನಾ ಮೀನುಗಾರಿಕೆಗೆ ಉತ್ತೇಜನ ನೀಡಿತು. ದೋಣಿಯಲ್ಲಿ ದಿಬ್ಬ ದಾಟಿ ಹೊರಗಿನ ಆಳ ಸಮುದ್ರಕ್ಕೆ ಹೋಗುತ್ತಾರೆ. ಜೀವಂತ ಸಣ್ಣ ಮೀನನ್ನು ನೀರಿಗೆ ಎರಚುತ್ತಾರೆ. ಟ್ಯೂನಾ ಹಿಂಡು ಮೇಲೆ ಬರುತ್ತದೆ. ಸಾಲಾಗಿ ನಿಂತವರು ಕೋಲಿನ ಗಾಳ ಹಾಕಿ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ತಾಜಾ ತಿಂದು ಉಳಿದ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿ ಮಾಸ್ ಮಾಡುತ್ತಾರೆ. ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಟ್ಟೆಪಾಡು ಆಳ ಸಮುದ್ರದಲ್ಲಿ ನಡೆಯುತ್ತಿದ್ದುದರಿಂದ ದಿಬ್ಬದ ಮೀನಿನ ಮೇಲೆ ಅಷ್ಟು ಕಣ್ಣು ಬೀಳಲಿಲ್ಲ.

ಈಚಿನ ವರ್ಷಗಳಲ್ಲಿ ಅದು ಬದಲಾಗುತ್ತಿದೆ. ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ಸಿಕ್ಕಿದೆ. ಮಂಗಳೂರು ಕಡೆ ಮುರು ಎನ್ನುವ ಗ್ರೂಪರ್ ಮೀನಿಗೆ ಒಳ್ಳೆಯ ಬೆಲೆ ಇದೆ.

ಬಿಸಿಯೂ ಬಿಡುವು ಕೊಡುತ್ತಿಲ್ಲ. 1998ರ ನಂತರ 2010, 2016, ಮತ್ತೆ 2024. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ಅಳೆದ ಲೆಕ್ಕದ ಪ್ರಕಾರ 1998ರಲ್ಲಿ ಸುಮಾರು ಶೇಕಡಾ 37 ಇದ್ದ ಹವಳ 2022ಕ್ಕೆ ಶೇಕಡಾ 19ರ ಆಸುಪಾಸಿಗೆ ಇಳಿದಿದೆ. ಹವಳ ಚೇತರಿಸಿಕೊಂಡು ಚುರುಕಾಗಿ ಬೆಳೆಯಲು ಬಿಸಿಯಿಲ್ಲದ ಸುಮಾರು ಆರು ವರ್ಷ ಬೇಕು ಎಂದು ಆ ಅಧ್ಯಯನ ಹೇಳುತ್ತದೆ.

ಹಾಗಾದರೆ ಮೀನು ಉಳಿಸಿದರೆ ಸಾಕಾ?

ಸಾಲದು. ಗಿಳಿ ಮೀನು ನೀರನ್ನು ತಂಪು ಮಾಡುವುದಿಲ್ಲ. 2016ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಬಿಸಿಯಾದಾಗ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾಗಗಳಲ್ಲೂ ಹವಳ ಅಷ್ಟೇ ಬಿಳುಚಿಕೊಂಡಿತು. ಮೀನಿನ ಕೆಲಸ ಶುರುವಾಗುವುದು ಆಮೇಲೆ, ಬಿದ್ದವರನ್ನು ಎಬ್ಬಿಸುವ ಹಂತದಲ್ಲಿ. ಬಿಸಿ ತಡೆಯಲು ಇಂಗಾಲದ ಹೊಗೆ ಕಡಿಮೆ ಮಾಡುವುದಕ್ಕೆ ಬದಲಿ ದಾರಿ ಇಲ್ಲ.

ಚರಂಡಿ ನೀರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಕೊಳಚೆ ಸೇರಿ ಬೆಳ್ಳಂದೂರು ಕೆರೆಯಲ್ಲಿ ಕಳೆ ಹಬ್ಬಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹವಾಯಿಯ ಕನಿಯೋಹೆ ಕೊಲ್ಲಿಯಲ್ಲಿ ಹೀಗೇ ಹವಳದ ಮೇಲೆ ಹಸಿರು ಪಾಚಿ ಹಬ್ಬಿತ್ತು. 1977–78ರಲ್ಲಿ ಕೊಳಚೆ ನೀರನ್ನು ಬೇರೆ ಕಡೆ ತಿರುಗಿಸಿದ ಮೇಲೆ ಪಾಚಿ ಇಳಿಯಿತು.

ಆದರೂ ಒಂದು ದ್ವೀಪದ ಜನ ತಮ್ಮ ಕೈಯಾರೆ ಮಾಡಬಹುದಾದದ್ದು ಮೀನಿನ ವಿಷಯದಲ್ಲಿದೆ. ಬೆಲೀಜ್ ದೇಶ 2009ರಲ್ಲಿ ಗಿಳಿ ಮೀನು ಹಿಡಿಯುವುದನ್ನು ನಿಲ್ಲಿಸಿತು. ಮರುವರ್ಷ ಬೊನೇರ್ ದ್ವೀಪವೂ ಹಾಗೇ ಮಾಡಿತು. ಹವಾಯಿಯ ಕಹೆಕಿಲಿ ಎಂಬಲ್ಲಿ 2009ರಿಂದ ಪಾಚಿ ತಿನ್ನುವ ಮೀನು ಮತ್ತು ಅರ್ಚಿನ್‌ಗಳನ್ನು ಹಿಡಿಯುವಂತಿಲ್ಲ, ಉಳಿದ ಮೀನು ಹಿಡಿಯಬಹುದು. ಈ ಉಪಾಯ ನನಗೆ ಹಿಡಿಸಿತು. ಮೀನುಗಾರರ ಗಾಳ ಕಸಿದುಕೊಳ್ಳುವುದಿಲ್ಲ, ಯಾವ ಮೀನು ಬಿಡಬೇಕು ಎಂದಷ್ಟೇ ಹೇಳುತ್ತದೆ.

ನೀವು ನೀರಿಗಿಳಿದರೆ

ಲಕ್ಷದ್ವೀಪಕ್ಕೇ ಹೋಗಬೇಕೆಂದಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ. ಡೈವಿಂಗ್ ಕಲಿಸುವವರೂ ಇದ್ದಾರೆ. ಕೆಳಗಿಳಿದಾಗ ಎಲ್ಲರೂ ಬಣ್ಣದ ಮೀನು ಹುಡುಕುತ್ತಾರೆ. ಅದನ್ನು ನೋಡಿಯಾದ ಮೇಲೆ ಒಂದು ನಿಮಿಷ ಬಂಡೆಯನ್ನೂ ನೋಡಿ. ಮುಟ್ಟಬೇಡಿ, ನೋಡಿದರೆ ಸಾಕು.

ಸತ್ತ ಹವಳದ ಮೇಲೆ ಜೋಡಿ ಗೀರುಗಳು ಕಾಣುತ್ತವೆಯೇ? ಗೀರು ಬೆಳ್ಳಗಿದ್ದರೆ ಮೀನು ಈಗಷ್ಟೇ ಮೇಯ್ದು ಹೋಗಿದೆ. ಹಸಿರು ತಿರುಗಿದ್ದರೆ ಕೆಲವು ದಿನವಾಗಿದೆ. ಗೀರುಗಳ ನಡುವೆ ಗುಲಾಬಿ ಬಣ್ಣದ ಗಟ್ಟಿ ಪೊರೆ ಇದೆಯೇ? ಇದ್ದರೆ ಇನ್ನೂ ಹತ್ತಿರದಿಂದ ನೋಡಿ. ಆ ಗುಲಾಬಿಯ ಮೇಲೆ, ಸಂದಿಯ ಅಂಚಿನಲ್ಲಿ, ಅಂಗಿಯ ಗುಂಡಿಯಷ್ಟು ಅಗಲದ ಕಂದು ಬಣ್ಣದ ಚುಕ್ಕೆ ಸಿಗಬಹುದು. ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಬಟ್ಟಲುಗಳಿದ್ದರೆ ಅದು ಹವಳದ ಮರಿ. ಕೂತು ಒಂದೆರಡು ವರ್ಷ ಆಗಿರಬೇಕು.